ಬನ್ನೂರಾ, ಕೆಂಗುರಿನಾ, ಡಾರ್ಪರ್ ಕ್ರಾಸಾ? ತೂಕ ಯಾವ್ದ್ರಲ್ಲಿ ಬರುತ್ತೆ, ರುಚಿ ಯಾವ್ದ್ರಲ್ಲಿ?

ಮದ್ದೂರು_ಹೈದ:

ಎಲ್ರಿಗೂ ನಮಸ್ಕಾರ. ಪೋಸ್ಟ್ ಸ್ವಲ್ಪ ಉದ್ದ ಆಗುತ್ತೆ, ಬೇಜಾರ್ ಮಾಡ್ಕೋಬೇಡಿ. ನಮ್ದು ಮದ್ದೂರು ಹತ್ರ, ಎರಡು ಎಕರೆ ಇದೆ, ಬೋರಲ್ಲಿ ನೀರು ಪರ್ವಾಗಿಲ್ಲ. ಕಬ್ಬು ಹಾಕಿ ಹಾಕಿ ಸಾಕಾಗಿ ಅದ್ರಲ್ಲಿ ಅರ್ಧಕ್ಕೆ ಸೂಪರ್ ನೇಪಿಯರ್, ಕುದುರೆ ಮೆಂತ್ಯ ಮೇವು ಹಾಕಿದೀನಿ, ಕುರಿಗೆ ಅಟ್ಟಣಿಗೆ ಶೆಡ್ ಮುಕ್ಕಾಲು ಮುಗ್ದಿದೆ. ಮೂರ್ನಾಲ್ಕು ತಿಂಗಳ ಮರಿ ತಂದು, ಮೇಯಿಸಿ, ಬಕ್ರೀದ್‌ಗೋ ಇಲ್ಲ ಊರಬ್ಬದ ಸೀಸನ್‌ಗೋ ಮಾರೋದು ಪ್ಲಾನು. ಮುಂದೆ ಕೈ ಹತ್ತಿದ್ರೆ ಹೆಣ್ಣುಕುರಿ ಇಟ್ಕೊಂಡು ಮರಿ ನಾವೇ ಮಾಡ್ಕೊಳೋದು.

ತಲೆನೋವು ಏನಂದ್ರೆ ತಳಿ. ನಮ್ಮ ಭಾವ ಮಳವಳ್ಳಿ ಕಡೆಯೋರು, ಬನ್ನೂರು ಬಿಟ್ಟು ಬೇರೆ ಕುರಿ ಕಟ್ಟಿದ್ರೆ ಮನೆಗೆ ಬರಲ್ಲ ಅಂತಾರೆ. ಜೊತೆಗೆ ಕೆಲಸ ಮಾಡ್ತಿದ್ದ ಸಿಂಧನೂರು ಫ್ರೆಂಡು ಕೆಂಗುರಿ ತಗೋ, ತೂಕ ನೋಡು ಆಮೇಲೆ ಮಾತಾಡು ಅಂತಾನೆ. ಯೂಟ್ಯೂಬ್ ಓಪನ್ ಮಾಡಿದ್ರೆ ಡಾರ್ಪರ್ ಕ್ರಾಸು, ನಾರಿ ಸುವರ್ಣ, ರಾಂಬುಲೆಟ್, ದಿನಕ್ಕೊಂದು. ಒಬ್ಬೊಬ್ರೂ ಒಂದೊಂದು ನಂಬರ್ ಹೇಳ್ತಾರೆ, ಆದ್ರೆ ಯಾವ ವಯಸ್ಸಿಗೆ, ಏನ್ ತಿನ್ಸಿ, ಬೆಳಿಗ್ಗೆ ತೂಗಿದ್ದಾ ಹೊಟ್ಟೆ ತುಂಬಿದ ಮೇಲೆ ತೂಗಿದ್ದಾ ಯಾರೂ ಹೇಳಲ್ಲ. ಸಾಕಿರೋರು, ಕೊಯ್ದಿರೋರು, ತಿಂದಿರೋರು ಯಾರಾದ್ರೂ ಸರಿ, ಬೆಳವಣಿಗೆ ಮತ್ತೆ ಮಾಂಸದ ಕ್ವಾಲಿಟಿ ಎರಡನ್ನೂ ಇಟ್ಟು ಹೇಳಿ. ಮಾರೋರು ದಯವಿಟ್ಟು ಫೋನ್ ನಂಬರ್ ಹಾಕ್ಬೇಡಿ.


ಕೆಂಗುರಿ_ಕೊಪ್ಪಳ:

ನಮಸ್ಕಾರ್ರಿ ಅಣ್ಣಾರ. ನಿಮ್ಮ ಸಿಂಧನೂರು ದೋಸ್ತ ಖರೇನ ಹೇಳ್ಯಾನ. ಲಿಂಗಸುಗೂರು, ಸಿಂಧನೂರು, ಗಂಗಾವತಿ ಈ ಗುಡ್ಡದ ಸೀಮಿ ಕುರಿ ಅದು, ಮೈ ಕೆಂಪಗ, ಗಂಡಿಗೆ ಕೋಡು ಇರ್ತಾವ, ಹೆಣ್ಣು ಬೋಳಿ. ಬೆಳದ ಟಗರು 50 ಕೆಜಿ ಆಸುಪಾಸು ತೂಗ್ತದ, ಕಾಳಗಕ್ಕ ಸಾಕಿದ್ದು ಇನ್ನೂ ಮ್ಯಾಲ. ಬನ್ನೂರು ಟಗರು ಎಷ್ಟಾಗ್ತದ? 35ರ ಹತ್ರ. ಅಲ್ಲೇ ಲೆಕ್ಕ ಮುಗೀತಲ್ರಿ.

ಆದ್ರ ಒಂದು ಮಾತು ಹೇಳ್ತೀನಿ ಕೇಳ್ರಿ. ನಮ್ಮ ಕುರಿ ಅಡ್ಡಾಡಿ ಮೇಯೋ ಕುರಿ. ಸುಗ್ಗಿ ಮುಗದ ಮ್ಯಾಲ ತುಂಗಭದ್ರಾ ಕಾಲುವಿ ಬಯಲಿಗೆ ಹೊಂಟ್ರ ತಿಂಗಳಾನುಗಟ್ಟಲೆ ಹೊಲದಾಗ ತರುಬಿಕೋಂತ ತಿರಗ್ತಾವ, ಗೊಬ್ಬರಕ್ಕ ಹೊಲದವ್ರು ಕಾಳು ಕೊಡ್ತಾರ ಇಲ್ಲಾ ರೊಕ್ಕ ಕೊಡ್ತಾರ. ಅಂಥಾ ಮರಿ ತಂದು ಏಕದಮ್ ಅಟ್ಟದ ಮ್ಯಾಲ ನಿಲ್ಸಿ ಬರೇ ಹಸಿ ನೇಪಿಯರ್ ಹಾಕಿದ್ರ ಹದಿನೈದು ದಿನ ಮಾರಿ ಸಣ್ಣದು ಮಾಡ್ಕೊಂಡು ನಿಲ್ತಾವ. ಶೇಂಗಾ ಹೊಟ್ಟು, ತೊಗರಿ ಹೊಟ್ಟು ಸಾಕಷ್ಟು ಇಟಗೊಳ್ರಿ, ಹಿಂಡಿ-ಕಾಳು ಸಣ್ಣಕ ಏರಿಸ್ರಿ. ಒಮ್ಮಿಗೇ ಮೆಕ್ಕಿಜೋಳ ಸುರುವಿದ್ರ ಹೊಟ್ಟಿ ಉಬ್ಬಿ ಸಾಯ್ತಾವ, ಇಲ್ಲಾ ಕರುಳುಬ್ಯಾನಿ ಬರ್ತದ. ಆಮ್ಯಾಲ ತಳಿ ಸರಿ ಇಲ್ಲ ಅನಬ್ಯಾಡ್ರಿ.

ಇನ್ನ ಬಾಗಲಕೋಟಿ ಕಡೆ ಯಳಗ ಅಂತ ಅದಾವ, ಎತ್ತರ, ಉದ್ದ, ತಾಯಿ ಹಾಲು ಚಲೋ. ಅದನ್ನೂ ನೋಡ್ರಿ. ರುಚಿ ಬಗ್ಗೆ ನಾ ಜಗಳಾಡಂಗಿಲ್ಲ, ನಮ್ಗ ನಮ್ಮದ ರುಚಿ.


ಡಾರ್ಪರ್_ಬ್ರೀಡರ್:

ಬ್ರೋ ಟೈಮ್ ವೇಸ್ಟ್ ಮಾಡ್ಬೇಡಿ. ಡಾರ್ಪರ್ ಎಫ್-1, ಅಂದ್ರೆ ಡಾರ್ಪರ್ ಟಗರು ನಮ್ ಕುರಿಗೆ ಹಾಕಿ ಹುಟ್ಟಿದ ಮೊದಲ ತಲೆಮಾರು, ತಗೊಳ್ಳಿ. ದಿನಕ್ಕೆ 300 ಗ್ರಾಂ ತೂಕ ಏರುತ್ತೆ. ಬನ್ನೂರು ಎರಡು ವರ್ಷಕ್ಕೆ ಆಗೋದು ಇದು ಐದು ತಿಂಗಳಿಗೆ ಆಗುತ್ತೆ. ಉಣ್ಣೆ ತಾನಾಗೇ ಉದ್ರುತ್ತೆ, ಕತ್ತರಿಸೋ ಕೆಲ್ಸನೇ ಇಲ್ಲ. ಮೆಸೇಜ್ ಮಾಡಿ ಡೀಟೇಲ್ಸ್ ಕೊಡ್ತೀನಿ.


ಮಟನ್_ಸ್ಟಾಲ್_ಮೈಸೂರು:

300 ಗ್ರಾಂ ಅಂತೆ! ಯಾವ್ ತಾಯಿ ಹೊಟ್ಟೇಲಿ ಹುಟ್ಟಿದ್ದು, ಏನ್ ತಿಂದು ಅಂತ ಹೇಳಿಬಿಡಪ್ಪ ಪುಣ್ಯಾತ್ಮ. ಅಪ್ಪಟ ಡಾರ್ಪರ್ ಒಳ್ಳೆ ಕಾಳು ತಿಂದ್ರೆ ಅಷ್ಟು ಬರಬಹುದು, ಇಲ್ಲಿ ನಮ್ ಕುರಿಗೆ ಹಾಕಿ ಹುಟ್ಟಿದ ಮರಿ ನೇಪಿಯರ್ ಕಡ್ಡಿ ತಿನ್ಕೊಂಡು ಕೊಟ್ರೆ ಕೇಳು.

ತಮ್ಮ, ನಾನು ಸಾಕೋನಲ್ಲ, ಕೊಯ್ಯೋನು. ಅಪ್ಪನ ಕಾಲದಿಂದ ಅಂಗಡಿ ಐತೆ, ಆ ಕಡೆಯಿಂದ ಹೇಳ್ತೀನಿ. ನಂಗೆ ಜೀವತೂಕ ಮುಖ್ಯ ಅಲ್ಲ, ಕೊಯ್ದು ತೂಗಾಕಿದ ಮೇಲೆ ಎಷ್ಟು ಮಾಂಸ ಉಳೀತೈತೆ ಅನ್ನೋದು. ಸಾಮಾನ್ಯ ಕುರಿ ನೂರಕ್ಕೆ 45ರಿಂದ 48, ಚೆನ್ನಾಗಿ ಮೇದಿರೋ ಬನ್ನೂರು 50 ಮುಟ್ಟುತ್ತೆ. ಎರಡು ಪರ್ಸೆಂಟು ಮೂರು ಪರ್ಸೆಂಟು ಏನ್ ಮಹಾ ಅನ್ಕೋಬೇಡ, ಒಂದು ಭಾನುವಾರಕ್ಕೆ ಲೆಕ್ಕ ಹಾಕಿದ್ರೆ ಅದೇ ನಮ್ ಲಾಭ. ಬನ್ನೂರಿನ ಕಾಲು ಗಿಡ್ಡ, ಮೂಳೆ ಸಣ್ಣ, ಎದೆ ಅಗಲ, ಹಿಂದಿನಿಂದ ನೋಡಿದ್ರೆ ತೊಡೆ ತುಂಬ್ಕೊಂಡು ತಲೆಕೆಳಗಾದ ಯು ಅಕ್ಷರ ಇದ್ದಂಗೆ ಕಾಣುತ್ತೆ. ಉದ್ದ ಕಾಲಿನ ನೆಲ್ಲೂರು ಟಗರು ನೋಡು, ಇಂಡಿಯಾದಲ್ಲೇ ಎತ್ತರದ ತಳಿ ಅದು, ತಕ್ಕಡೀಲಿ ತೂಕ ತೋರ್ಸುತ್ತೆ, ಆದ್ರೆ ಕಾಲುಮೂಳೆ ಬಿಡಿಸಿದ ಮೇಲೆ ತೊಡೇಲಿ ಏನೈತೆ ಅಂತ ನೋಡು.

ಕೊಬ್ಬಿನ ವಿಷ್ಯ. ಬನ್ನೂರಲ್ಲಿ ಕೊಬ್ಬು ಮಾಂಸದ ಎಳೆ ನಡುವೆ ಸೇರ್ಕೊಂಡಿರುತ್ತೆ, ಬೇರೆ ಕುರಿಗಳಲ್ಲಿ ಜಾಸ್ತಿ ಪಾಲು ಹೊಟ್ಟೆ ಒಳಗೆ, ಮೂತ್ರಪಿಂಡದ ಸುತ್ತ, ತೊಗಲು ಕೆಳಗೆ. ಅದಕ್ಕೇ ಸಾರಿಗೆ ಎಣ್ಣೆ ಕಮ್ಮಿ ಹಾಕಿದ್ರೂ ಮೇಲೆ ಜಿಡ್ಡು ತೇಲುತ್ತೆ, ತುಂಡು ಬಾಯಲ್ಲಿ ಒಣಗಲ್ಲ. ಗುಡ್ಡೆಬಾಡಿಗೆ ಪಾಲು ಹಾಕೋರು, ಅದೂ ಯುಗಾದಿ ಹೊಸತೊಡಕಿಗೆ, ಎಷ್ಟಾದ್ರೂ ಆಗ್ಲಿ ಬನ್ನೂರೇ ಬೇಕು ಅಂತಾರೆ.

ಆದ್ರೆ ಒಂದು ಸತ್ಯ ಹೇಳ್ತೀನಿ ಕೇಳು. ಬೋರ್ಡಲ್ಲಿ ಬನ್ನೂರು ಅಂತ ಬರ್ದಿರೋ ಅಂಗಡೀಲೆಲ್ಲ ಬನ್ನೂರು ಇರಲ್ಲ. ಅಷ್ಟು ಕುರಿ ಎಲ್ಲೈತೆ? ಮೂಲ ಮಳವಳ್ಳಿ ತಾಲೂಕು ಬಂಡೂರು, ಅದರ ಸುತ್ತಿನ ನಾಲ್ಕಾರು ಹಳ್ಳಿ. ಸಂತೇಲಿ ಬಿಳೀ ಮೈ ಕಂದು ಮುಖ ಇರೋದೆಲ್ಲ ಬನ್ನೂರಾಗೋಗುತ್ತೆ, ಸುತ್ತಮುತ್ತ ಸಿಕ್ಕಿದ್ ಟಗರೆಲ್ಲ ಬೆರ್ತು ಕಾಲು ಉದ್ದ ಆಗೋಗೈತೆ. ನಿಂಗೆ ಅಪ್ಪಟ ತಳಿ ಬೇಕಂದ್ರೆ ಮಳವಳ್ಳಿ ಹತ್ರ ಧನಗೂರು ಸರ್ಕಾರಿ ಫಾರಂ ಐತೆ, ಅಲ್ಲಿ ಹೋಗಿ ಮೊದ್ಲು ಕಣ್ತುಂಬ ನೋಡ್ಕೊಂಡು ಬಾ. ಆಮೇಲೆ ಸಂತೆಗೆ ಹೋದ್ರೆ ಯಾರೂ ಟೋಪಿ ಹಾಕಲ್ಲ.

ಮತ್ತೆ ರುಚಿಗೆ ತಳಿ ಒಂದೇ ಕಾರಣ ಅಲ್ಲ. ಹಾಲುಹಲ್ಲಿನ ಮರೀನಾ, ಎರಡು ಹಲ್ಲಾ, ನಾಕು ಹಲ್ಲಾ ಅನ್ನೋದು, ಅಂದ್ರೆ ವಯಸ್ಸು, ತಳಿಗಿಂತ ದೊಡ್ಡದು. ನಾಕಲ್ಲಿನ ಬೀಜದ ಟಗರು ಬನ್ನೂರೇ ಆದ್ರೂ ಕುಕ್ಕರ್ ಕೂಗ್ತಾನೇ ಇರ್ಬೇಕು. ಮತ್ತೆ ರಾತ್ರಿಯೆಲ್ಲ ಲಾರೀಲಿ ನಿಂತು, ನೀರಿಲ್ಲದೆ ಬಂದು, ಬೆಳಿಗ್ಗೆ ಕತ್ತಿಗೆ ಬಿದ್ದ ಕುರಿ ಮಾಂಸ ಕಪ್ಪಗೆ ಅಂಟಂಟಾಗಿ ಇರುತ್ತೆ, ಅದು ಯಾವ್ ತಳಿ ಆದ್ರೂ ಅಷ್ಟೇ.


ಶಿರಾ_ಕುರಿಮನೆ:

ಎಲ್ಲರೂ ಒಂದು ಮರಿ ಎಷ್ಟು ತೂಗುತ್ತೆ ಅಂತಾನೇ ಮಾತಾಡ್ತಿದೀರಾ, ಮದ್ದೂರಿನವರು ಮುಂದೆ ಹೆಣ್ಣುಕುರಿ ಇಡ್ತೀನಿ ಅಂದಿದಾರಲ್ಲ, ಅಲ್ಲಿ ಕೇಳ್ಬೇಕಾದ ಪ್ರಶ್ನೆ ಒಂದು ತಾಯಿ ವರ್ಷಕ್ಕೆ ಎಷ್ಟು ಕೆಜಿ ಮರಿ ಮಾರಾಟಕ್ಕೆ ಕೊಡ್ತಾಳೆ ಅನ್ನೋದು. ಬನ್ನೂರು ಹೆಣ್ಣು ಸಾಮಾನ್ಯವಾಗಿ ಒಂದೇ ಮರಿ ಹಾಕೋದು, ಹುಟ್ಟುವಾಗ ಸುಮಾರು 2 ಕೆಜಿ, ಹಾಲೂ ಅಷ್ಟಕ್ಕಷ್ಟೇ.

ನಮ್ಮನೇಲಿ ಲೋಕಲ್ ಜೊತೆ ನಾರಿ ಸುವರ್ಣ ಇದೆ. ಮಹಾರಾಷ್ಟ್ರದ ಫಲ್ಟಣ್‌ನಲ್ಲಿರೋ ನಿಂಬ್ಕರ್ ಕೃಷಿ ಸಂಶೋಧನಾ ಸಂಸ್ಥೆಯವರು ಮಾಡಿದ ತಳಿ. ಬಂಗಾಳದ ಸುಂದರಬನದಲ್ಲಿ ಗರೋಲ್ ಅಂತ ಪುಟ್ಟ ಕುರಿ ಇದೆ, ಅದಕ್ಕೆ ಅವಳಿ ಮರಿ ಕೊಡೋ ಫೆಕ್-ಬಿ ಅನ್ನೋ ಜೀನ್ ಇದೆ. ಅದನ್ನ ಡೆಕ್ಕನಿ ಕುರಿಗೆ ತಂದಿದಾರೆ, ನಡುವೆ ನಮ್ಮ ಬನ್ನೂರಿನ ರಕ್ತಾನೂ ಸೇರಿದೆ. ಒಂದೇ ಜೀನ್ ಆದ್ದರಿಂದ ರಕ್ತ ಪರೀಕ್ಷೆ ಮಾಡಿ ಇದೆಯಾ ಇಲ್ವಾ ಹೇಳಬಹುದು, ಕಣ್ಣಲ್ಲಿ ನೋಡಿ ಹೇಳಕ್ಕಾಗಲ್ಲ. ಹಾಗಾಗಿ ಟೆಸ್ಟ್ ರಿಪೋರ್ಟ್ ಇಲ್ಲದೆ ನಾರಿ ಸುವರ್ಣ ಅಂತ ಜಾಸ್ತಿ ದುಡ್ಡು ಕೊಡಬೇಡಿ.

ಅವಳಿ ಅಂದ ತಕ್ಷಣ ಡಬಲ್ ಲಾಭ ಅಂತಾನೂ ಅಲ್ಲ. ಎರಡು ಹುಟ್ಟಿದ್ರೆ ಎರಡೂ ಸಣ್ಣ. ಗಬ್ಬದ ಕೊನೆ ಒಂದೂವರೆ ತಿಂಗಳು ತಾಯಿಗೆ ಹಿಂಡಿ-ಕಾಳಿನ ಕೈತಿಂಡಿ ಹಾಕ್ಲಿಲ್ಲ ಅಂದ್ರೆ ಎರಡರಲ್ಲಿ ಒಂದು ಹೋಗುತ್ತೆ, ಆಗ ಒಂಟಿ ಮರಿ ಹಾಕೋ ಕುರಿಗಿಂತ ಕಡೆ. ರಾತ್ರಿ ಎದ್ದು ಬಾಟಲಿ ಹಾಲು ಕುಡಿಸೋರು ಮನೇಲಿ ಇದಾರಾ ನೋಡ್ಕೊಳ್ಳಿ. ನಮ್ಮನೇಲಿ ಆ ಡ್ಯೂಟಿ ನಂದೇ, ಯಜಮಾನ್ರು ಸಂತೆಗೆ ಹೋಗಿ ಫೋಟೋ ತೆಗೆಸ್ಕೊಳ್ತಾರೆ ಅಷ್ಟೇ 😄


ಟೂವೂಂಬಾ_ಕನ್ನಡಿಗ:

ಒಳ್ಳೆ ಚರ್ಚೆ. ನಾನಿರೋದು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಲ್ಲಿ, ದನದ ಫೀಡ್‌ಲಾಟ್‌ಗಳಿಗೆ ಮೇವಿನ ಲೆಕ್ಕ ಹಾಕೋ ಕೆಲಸ, ಊರು ಚನ್ನರಾಯಪಟ್ಟಣ ಕಡೆ. ಇಲ್ಲಿ ದನದಲ್ಲಿ ಇದೇ ಜಗಳ ಐವತ್ತು ವರ್ಷದ ಹಿಂದೆಯೇ ನಡೆದಿದೆ, ಅದ್ರಿಂದ ಕುರಿಗೂ ಒಂದೆರಡು ವಿಷ್ಯ ಸಿಗುತ್ತೆ. ರಾಜಕೀಯ ಬೇಡ, ಬರೀ ತಳಿ ಲೆಕ್ಕ ಅಂತ ಓದ್ಕೊಳ್ಳಿ.

ಅಮೆರಿಕದ ನೆಬ್ರಾಸ್ಕಾದಲ್ಲಿ ಕ್ಲೇ ಸೆಂಟರ್ ಅಂತ ಊರು, ಅಲ್ಲಿನ ಸರ್ಕಾರಿ ಮಾಂಸದ ಪ್ರಾಣಿ ಸಂಶೋಧನಾ ಕೇಂದ್ರದಲ್ಲಿ 1970ರ ಸುಮಾರಿಗೆ ಶುರು ಮಾಡಿ ದಶಕಗಟ್ಟಲೆ ಒಂದೇ ಥರದ ಹೆರ್‌ಫರ್ಡ್, ಆಂಗಸ್ ಹಸುಗಳಿಗೆ ಬೇರೆ ಬೇರೆ ತಳಿ ಹೋರಿ ಕೊಟ್ಟು, ಹುಟ್ಟಿದ ಕರುಗಳನ್ನ ಒಂದೇ ಜಾಗದಲ್ಲಿ ಒಂದೇ ಮೇವು ಹಾಕಿ ಬೆಳೆಸಿ, ಕೊಯ್ದು, ಮಾಂಸ ಅಳೆದು ನೋಡಿದ್ರು. ಶಾರೊಲೆ, ಸಿಮೆಂಟಾಲ್ ಕ್ರಾಸುಗಳು ತೂಕದಲ್ಲಿ ಮುಂದೆ, ಕೊಬ್ಬು ಕಮ್ಮಿ. ಲಿಮೋಸಿನ್ ಮಾಂಸದ ಇಳುವರಿ ಜಾಸ್ತಿ. ಆಂಗಸ್ ಕ್ರಾಸಲ್ಲಿ ಮಾಂಸದೊಳಗಿನ ಕೊಬ್ಬು, ಇಲ್ಲಿ ಮಾರ್ಬಲಿಂಗ್ ಅಂತಾರಲ್ಲ ಅದು, ಚೆನ್ನಾಗಿ ಬಂತು. ತಮಾಷೆ ಏನಂದ್ರೆ ಮೊದಲ ಸುತ್ತಿನಲ್ಲಿ ಜೆರ್ಸಿ ಹೋರಿನೂ ಇಟ್ಟಿದ್ರು, ಹೌದು ನಮ್ಮ ಡೇರಿಗೆ ಹಾಲು ಹಾಕೋ ಜೆರ್ಸಿನೇ. ಬೆಳವಣಿಗೇಲಿ ಎಲ್ಲಕ್ಕಿಂತ ಹಿಂದೆ, ಮಾರ್ಬಲಿಂಗಲ್ಲಿ ಎಲ್ಲಕ್ಕಿಂತ ಮುಂದೆ. ಮಟನ್ ಸ್ಟಾಲ್ ಅಣ್ಣ ಬನ್ನೂರು ಬಗ್ಗೆ ಹೇಳಿದ್ದು ಓದಿದಾಗ ನಂಗೆ ಮೊದ್ಲು ನೆನಪಾಗಿದ್ದು ಇದೇ.

ಅವರು ಹೋಲಿಸಿದ ರೀತಿ ಮುಖ್ಯ. ಒಂದೇ ವಯಸ್ಸಿಗೆ ಕೊಯ್ದು ಹೋಲಿಸಿದ್ರೆ ದೊಡ್ಡ ತಳಿ ಗೆಲ್ಲುತ್ತೆ. ಒಂದೇ ತೂಕಕ್ಕೆ ಹೋಲಿಸಿದ್ರೆ ಸಣ್ಣ ತಳಿ ಕೊಬ್ಬಿ ಹೋಗಿರುತ್ತೆ, ದೊಡ್ಡದು ಇನ್ನೂ ಎಳಸು. ಒಂದೇ ಮಟ್ಟದ ಕೊಬ್ಬು ಬಂದಾಗ ಹೋಲಿಸಿದ್ರೆ ಸಣ್ಣ ತಳಿ ಬೇಗ, ಕಮ್ಮಿ ತೂಕದಲ್ಲೇ ರೆಡಿ ಆಗಿರುತ್ತೆ. ಯಾವ ಗೆರೆ ಇಟ್ಟು ಅಳೀತೀರೋ ಅದರ ಮೇಲೆ ಒಂದನೇ ರ್‍ಯಾಂಕ್ ಬದಲಾಗುತ್ತೆ. ಇದನ್ನ ಕುರಿಗೆ ಹಾಕಿ ನೋಡಿ. ಬನ್ನೂರು ಟಗರು ಪೂರ್ತಿ ಬೆಳೆದಾಗ 35, ಕೆಂಗುರಿ 50 ಅಂತ ಇಟ್ಕೊಂಡ್ರೆ, ಪೂರ್ತಿ ತೂಕದ ನೂರಕ್ಕೆ 60 ಬಂದಾಗ ಮಾರೋದಾದ್ರೆ ಬನ್ನೂರು 21 ಕೆಜಿಗೆ, ಕೆಂಗುರಿ 30 ಕೆಜಿಗೆ. ಅಂದ್ರೆ 21ರ ಬನ್ನೂರು ಮರಿ, 30ರ ಕೆಂಗುರಿ ಮರಿ ಎರಡೂ ಬೆಳವಣಿಗೇಲಿ ಒಂದೇ ಹಂತ. ಬನ್ನೂರನ್ನ ಹಠ ಹಿಡಿದು 30ಕ್ಕೆ ತರಕ್ಕೆ ಹೋದ್ರೆ ಕೊನೆ ಕೊನೆಗೆ ನೀವು ಹಾಕೋ ಹಿಂಡಿ ಎಲ್ಲ ಕೊಬ್ಬಾಗುತ್ತೆ, ಒಂದು ಕೆಜಿ ಕೊಬ್ಬು ಕಟ್ಟಕ್ಕೆ ಬೇಕಾಗೋ ಮೇವು ಒಂದು ಕೆಜಿ ಮಾಂಸಕ್ಕಿಂತ ತುಂಬ ಜಾಸ್ತಿ. ಆಮೇಲೆ ಬನ್ನೂರು ಲಾಸು ಅಂತ ವೀಡಿಯೋ ಮಾಡ್ತಾರೆ.

ಇನ್ನೊಂದು, ಒಂದೇ ಹಂತದಲ್ಲಿ ನಿಲ್ಲಿಸಿದ್ರೆ ತಿಂದ ಮೇವಿಗೆ ಬಂದ ತೂಕದ ಲೆಕ್ಕದಲ್ಲಿ ಸಣ್ಣ ತಳಿಗೂ ದೊಡ್ಡ ತಳಿಗೂ ಅಂಥಾ ವ್ಯತ್ಯಾಸ ಉಳಿಯಲ್ಲ. ಸಣ್ಣ ಕುರಿ ಕಮ್ಮಿ ತಿನ್ನುತ್ತೆ. ಒಣ ಮೇವಿನ ಲೆಕ್ಕದಲ್ಲಿ ಮೈತೂಕದ ನೂರಕ್ಕೆ ಮೂರೂವರೆ ನಾಲ್ಕು. ಹಾಗಾಗಿ ಅದೇ ಶೆಡ್ಡು ಅದೇ ಹುಲ್ಲಲ್ಲಿ ಬನ್ನೂರು ಜಾಸ್ತಿ ತಲೆ ಹಿಡಿಯುತ್ತೆ. ಆದ್ರೆ ಲಸಿಕೆ, ಜಂತಿನ ಔಷಧಿ, ಮರಿ ಕೊಂಡ ದುಡ್ಡು ತಲೆ ಲೆಕ್ಕದಲ್ಲಿ ಬೀಳುತ್ತಲ್ಲ, ಅಲ್ಲಿ ದೊಡ್ಡ ತಳಿಗೆ ಲಾಭ.

ಕ್ರಾಸ್ ವಿಷ್ಯ. ಕ್ರಾಸ್ ಮಾಡಿದ್ರೆ ಸಿಗೋ ಹೆಚ್ಚುವರಿ ಚೈತನ್ಯ, ಹೈಬ್ರಿಡ್ ಜೋಳದಲ್ಲಿ ಇದೆಯಲ್ಲ ಅದೇ, ಎಲ್ಲ ಗುಣಕ್ಕೂ ಒಂದೇ ಸಮ ಸಿಗಲ್ಲ. ಗಬ್ಬ ಕಟ್ಟೋದು, ಮರಿ ಬದುಕೋದು, ತಾಯ್ತನ ಇವಕ್ಕೆ ಜಾಸ್ತಿ. ಬೆಳವಣಿಗೆಗೆ ಮಧ್ಯಮ. ಮಾಂಸದ ಗುಣಕ್ಕೆ ಹೆಚ್ಚುಕಮ್ಮಿ ಏನೂ ಇಲ್ಲ, ಅಪ್ಪ ಅಮ್ಮನ ನಡುಮಧ್ಯಕ್ಕೆ ಬಂದು ನಿಲ್ಲುತ್ತೆ ಅಷ್ಟೇ. ದನದಲ್ಲಿ ಲೆಕ್ಕ ಹಾಕಿದಾಗ ಕ್ರಾಸ್ ಹಸುವಿಗೆ ಇನ್ನೊಂದು ತಳಿ ಹೋರಿ ಕೊಟ್ರೆ, ಹೋರಿಗೆ ಬಿಟ್ಟ ಪ್ರತಿ ಹಸುವಿಗೆ ಹಾಲು ಬಿಡಿಸೋ ಹೊತ್ತಿಗೆ ಸಿಗೋ ಕರುವಿನ ತೂಕ ನೂರಕ್ಕೆ 20ಕ್ಕೂ ಜಾಸ್ತಿ ಏರಿತು, ಅದ್ರಲ್ಲಿ ಅರ್ಧಕ್ಕಿಂತ ಹೆಚ್ಚು ಬಂದಿದ್ದು ತಾಯಿ ಕ್ರಾಸ್ ಆಗಿದ್ದಕ್ಕೆ. ಹಾಗಾಗಿ ಬನ್ನೂರಿಗೆ ಡಾರ್ಪರ್ ಹಾಕಿದ್ರೆ ಮರಿ ಬೇಗ ಬೆಳೆಯುತ್ತೆ ನಿಜ, ಆದ್ರೆ ಅದು ಬನ್ನೂರು ರುಚಿ ಇಟ್ಕೊಂಡು ಡಾರ್ಪರ್ ತೂಕ ಕೊಡುತ್ತೆ ಅನ್ನೋದು ಆಸೆ.

ಬ್ರಾಹ್ಮನ್ ದನದ ಕಥೆ ಹೇಳಿಬಿಡ್ತೀನಿ, ನಮ್ಮ ಕಡೆಗೂ ಸಂಬಂಧ ಇದೆ. ಅಮೆರಿಕದ ಬ್ರಾಹ್ಮನ್ ತಳಿ ಕಟ್ಟಿದ್ದು ಇಂಡಿಯಾದಿಂದ ಹೋದ ಗುಜರಾತಿನ ಕಾಂಕ್ರೇಜ್, ಗಿರ್, ಆಂಧ್ರದ ಒಂಗೋಲ್ ಜೊತೆಗೆ ನಮ್ಮ ಕೃಷ್ಣಾವ್ಯಾಲಿ ದನಗಳಿಂದ. ಬಿಸಿಲು, ಉಣುಗು ಹುಳ ಎರಡೂ ತಡೆಯುತ್ತೆ, ಹೆರ್‌ಫರ್ಡ್ ಜೊತೆ ಕ್ರಾಸ್ ಮಾಡಿದ್ರೆ ತಾಯಿ ಹಸು ಅಂದ್ರೆ ಚಿನ್ನ. ಆದ್ರೆ ಬ್ರಾಹ್ಮನ್ ಪಾಲು ಜಾಸ್ತಿ ಆದಂಗೆಲ್ಲ ಮಾಂಸ ಗಟ್ಟಿ ಆಗುತ್ತೆ. ಕ್ಲೇ ಸೆಂಟರಲ್ಲಿ ಸಾಹಿವಾಲ್ ಕ್ರಾಸಿಗೂ ಇದೇ ಬಂತು. ಕೊಯ್ದ ಮೇಲೆ ಮಾಂಸದ ಎಳೆ ತಾನಾಗಿ ಸಡಿಲ ಮಾಡೋ ಕಿಣ್ವ ಇರುತ್ತೆ, ಈ ದನಗಳಲ್ಲಿ ಅದನ್ನ ತಡೆಯೋ ಪದಾರ್ಥ ಜಾಸ್ತಿ. ಟೆಕ್ಸಾಸಲ್ಲಿ ಮುಂಚೆಯೇ ಎಂಟರಲ್ಲಿ ಮೂರು ಪಾಲು ಬ್ರಾಹ್ಮನ್, ಐದು ಪಾಲು ಶಾರ್ಟ್‌ಹಾರ್ನ್ ಇಟ್ಟು ಸ್ಯಾಂಟಾ ಗರ್ಟ್ರೂಡಿಸ್ ಅಂತ ತಳಿ ನಿಲ್ಲಿಸಿದ್ರು, ಇಲ್ಲಿ ಕ್ವೀನ್ಸ್‌ಲ್ಯಾಂಡಲ್ಲಿ ಅದು ತುಂಬ ಇದೆ. ಬಿಸಿಲಿಗೆ ಒಂದಷ್ಟು, ಬಾಯಿಗೆ ಒಂದಷ್ಟು.


ಡಾರ್ಪರ್_ಬ್ರೀಡರ್:

ಸರ್ ದನಕ್ಕೂ ಕುರಿಗೂ ಹೋಲಿಕೆ ಮಾಡ್ಬೇಡಿ. ಡಾರ್ಪರ್ ಕೂಡ ಕ್ರಾಸಿಂದಾನೇ ಬಂದಿದ್ದು, ವರ್ಲ್ಡ್ ಫೇಮಸ್.


ಟೂವೂಂಬಾ_ಕನ್ನಡಿಗ:

ಹೌದು ಸರ್, ಅದನ್ನೇ ನಾನೂ ಹೇಳ್ತಿರೋದು. ದಕ್ಷಿಣ ಆಫ್ರಿಕಾದಲ್ಲಿ 1930ರ ದಶಕದಲ್ಲಿ ಡಾರ್ಸೆಟ್ ಹಾರ್ನ್ ಟಗರು, ಕಪ್ಪುತಲೆ ಪರ್ಷಿಯನ್ ಕುರಿ ಕೂಡಿಸಿ ಶುರು ಮಾಡಿದ್ರು, ಒಣಭೂಮೀಲಿ ಮೇದು ಮಾಂಸ ಕೊಡೋ ತಳಿ ಬೇಕಿತ್ತು. ತಳಿ ಒಳ್ಳೇದೇ, ಇಲ್ಲೂ ಸುತ್ತಮುತ್ತ ಇದೆ, ಕಣ್ಣಾರೆ ನೋಡ್ತಿರ್ತೀನಿ. ಆದ್ರೆ ಅವರು ವರ್ಷಗಟ್ಟಲೆ ಆರಿಸಿ, ಕಳೆದು, ಮತ್ತೆ ಆರಿಸಿ ಗುಣ ನಿಲ್ಲಿಸಿದ್ದು. ನೀವು ಮಾರ್ತಿರೋ ಎಫ್-1 ಹೆಣ್ಣಿಗೆ ಎಫ್-1 ಗಂಡೇ ಹಾಕಿದ್ರೆ ಮುಂದಿನ ಮರೀಲಿ ಆ ಹೆಚ್ಚುವರಿ ಚೈತನ್ಯ ಅರ್ಧಕ್ಕೆ ಇಳಿಯುತ್ತೆ, ಒಂದು ಮರಿ ಹಂಗೆ ಇನ್ನೊಂದು ಹಿಂಗೆ. ಕೊಂಡೋರಿಗೆ ಅದನ್ನೂ ಹೇಳಿ.

ನಮ್ಮ ಕಡೆ ಇಂಥ ಪ್ರಯತ್ನ ಹೊಸದೂ ಅಲ್ಲ. ಆಂಧ್ರದ ಪಲಮನೇರಲ್ಲಿ 1970ರ ದಶಕದಲ್ಲೇ ನೆಲ್ಲೂರು, ಮಂಡ್ಯ (ಅಂದ್ರೆ ಬನ್ನೂರೇ) ಕುರಿಗಳಿಗೆ ಡಾರ್ಸೆಟ್, ಸಫೋಕ್ ಟಗರು ಹಾಕಿ ಸರ್ಕಾರಿ ಯೋಜನೇಲಿ ಮಾಡಿ ನೋಡಿದಾರೆ. ಇವತ್ತು ಮಳವಳ್ಳಿ ಸುತ್ತ ಯಾರ ಹಿಂಡಲ್ಲಾದ್ರೂ ಅದು ಕಾಣುತ್ತಾ?


ಮದ್ದೂರು_ಹೈದ:

ಅಬ್ಬಾ ಇಷ್ಟು ರಿಪ್ಲೈ ಬರುತ್ತೆ ಅನ್ಕೊಂಡಿರ್ಲಿಲ್ಲ. ಎಲ್ರಿಗೂ ಥ್ಯಾಂಕ್ಸ್. ಟೂವೂಂಬಾ ಸರ್, 21-30 ಲೆಕ್ಕ ಕೇಳಿ ನಂಗೆ ತಲೆ ಸ್ವಲ್ಪ ತಿಳಿ ಆಯ್ತು. ಆದ್ರೂ ಎರಡು ಡೌಟು. ಒಂದು, ಬನ್ನೂರು ಹೆಣ್ಣಿಗೆ ಕೆಂಗುರಿ ಟಗರು ಹಾಕಿದ್ರೆ ಹೇಗೆ, ಎರಡೂ ನಮ್ಮ ಹವಾಮಾನದ್ದೇ ಅಲ್ವಾ. ಎರಡು, 21 ಕೆಜಿ ಬನ್ನೂರು ಮರೀನ ಯಾರು ತಗೋತಾರೆ, ಬಕ್ರೀದ್‌ಗೆ ದೊಡ್ಡದೇ ಕೇಳೋದು.


ಮಟನ್_ಸ್ಟಾಲ್_ಮೈಸೂರು:

ಎರಡನೇದು ನಾನ್ ಹೇಳ್ತೀನಿ. ಬಕ್ರೀದ್ ಮಾರ್ಕೆಟ್ಟೇ ಬೇರೆ, ಅಂಗಡಿ ಮಾರ್ಕೆಟ್ಟೇ ಬೇರೆ. ಬಕ್ರೀದ್‌ಗೆ ಕುರಿಗೆ ವಯಸ್ಸು, ಅಂಗಾಂಗ, ನಿಲುವು ನೋಡ್ತಾರೆ, ಕೋಡು ಮುರಿದಿರಬಾರದು, ಕಿವಿ ಹರಿದಿರಬಾರದು, ಕುಂಟಬಾರದು. ಅಲ್ಲಿ ಎತ್ತರಕ್ಕೆ, ಗತ್ತಿಗೆ ದುಡ್ಡು. ಕೆಂಗುರಿ, ಯಳಗ ಅಲ್ಲಿಗೆ ಸರಿ. ಬನ್ನೂರು ಅಪ್ಪಟ ಟಗರು ಲಕ್ಷ ದಾಟಿ ಹೋಯ್ತು ಅಂತ ಪೇಪರಲ್ಲಿ ಬರುತ್ತಲ್ಲ, ಅದು ಬೀಜಕ್ಕೆ, ಶೋಕಿಗೆ. ಅದನ್ನ ನೋಡಿ ಮಟನ್ ಲೆಕ್ಕ ಹಾಕ್ಬೇಡ.

ಅಂಗಡಿಗೆ ನಮ್ಗೆ ಸಣ್ಣದೇ ಬೇಕು. 20-22 ಕೆಜಿ ಹಾಲುಹಲ್ಲಿನ ಮರಿ ತಂದ್ರೆ ಹತ್ತು ಕೆಜಿ ಮಾಂಸ, ಒಂದು ಬೆಳಿಗ್ಗೆಗೆ ಖಾಲಿ, ಫ್ರಿಜ್ಜಿಗೆ ಹೋಗೋ ಮಾತಿಲ್ಲ. ಗಿರಾಕಿನೂ ಮರಿ ಮಟನ್ ಅಂತ ಖುಷಿಯಾಗಿ ತಗೋತಾರೆ. ಆದ್ರೆ ನೀನು ಸಂತೆಗೆ ಹೋಗಿ ದಲ್ಲಾಳಿ ಕೈಗೆ ಕೊಟ್ರೆ ಬನ್ನೂರಿಗೂ ಲೋಕಲ್ಲಿಗೂ ಒಂದೇ ರೇಟು, ಅವನು ಟವಲ್ ಒಳಗೆ ಬೆರಳು ಹಿಡಿದು ತಳಿ ನೋಡಲ್ಲ, ತೂಕ ನೋಡ್ತಾನೆ. ಎರಡು ಮೂರು ಅಂಗಡಿ, ಗುಡ್ಡೆಬಾಡು ಹಾಕೋ ಒಂದಷ್ಟು ಊರು ಹಿಡ್ಕೋ, ತಾಯಿ ತಂದೆ ತೋರ್ಸಿ ಮಾರು. ಹಂಗೆ ಮಾರಕ್ಕಾಗಲ್ಲ ಅಂದ್ರೆ ಬನ್ನೂರು ಮುಟ್ಟಬೇಡ.


ಟೂವೂಂಬಾ_ಕನ್ನಡಿಗ:

ಮೊದಲನೇ ಡೌಟು: ಹಾಕಬಹುದು, ಒಂದೇ ಷರತ್ತು, ಹುಟ್ಟಿದ ಮರಿ ಗಂಡಾಗ್ಲಿ ಹೆಣ್ಣಾಗ್ಲಿ ಎಲ್ಲಾನೂ ಮಾಂಸಕ್ಕೇ ಹೋಗ್ಬೇಕು. ಅದ್ರಲ್ಲಿ ಚೆನ್ನಾಗಿರೋ ಹೆಣ್ಣು ಇಟ್ಕೊಂಡು, ಅದಕ್ಕೆ ಮತ್ತೆ ಬೇರೆ ಟಗರು ಹಾಕಿ, ಹಿಂಗೆ ನಾಲ್ಕು ವರ್ಷ ಹೋದ್ರೆ ನಿಮ್ಮ ಹಿಂಡಲ್ಲಿ ಬನ್ನೂರೂ ಇರಲ್ಲ ಕೆಂಗುರಿಯೂ ಇರಲ್ಲ. ಅಣ್ಣ ಮೇಲೆ ಹೇಳಿದ ಉದ್ದ ಕಾಲಿನ ಬನ್ನೂರು ಹುಟ್ಟಿದ್ದೇ ಹಂಗೆ. ಅಪ್ಪಟ ಬನ್ನೂರು ಹೆಣ್ಣುಗಳಿಗಂತೂ ಅಪ್ಪಟ ಬನ್ನೂರು ಟಗರೇ ಹಾಕಿ, ಮೊದಲೇ ಸಂಖ್ಯೆ ಕಮ್ಮಿ. ಕ್ರಾಸ್ ಮಾಡೋ ಆಸೆ ಇದ್ರೆ ಸಂತೇಲಿ ಸಿಗೋ ಮಿಶ್ರ ಹೆಣ್ಣುಗಳ ಮೇಲೆ ಮಾಡಿ.

ಮತ್ತೆ ಗಾತ್ರ ನೋಡ್ಕೊಳ್ಳಿ. ಬನ್ನೂರು ಹೆಣ್ಣು ಪೂರ್ತಿ ಬೆಳೆದ್ರೂ 25 ಕೆಜಿ ಆಸುಪಾಸು. ಮೊದಲ ಸೂಲಿನ ಹೆಣ್ಣಿಗೆ ದೊಡ್ಡ ತಳಿ ಟಗರು ಹಾಕಿದ್ರೆ ಮರಿ ಅಡ್ಡ ಸಿಕ್ಕಿ ಕಷ್ಟ ಆಗುತ್ತೆ, ಡಾರ್ಪರ್ ಆದ್ರಂತೂ ಇನ್ನೂ ಹುಷಾರು. ಎರಡು ಮೂರು ಸೂಲು ಆದ, ಸೊಂಟ ಅಗಲ ಇರೋ ಹೆಣ್ಣಿಗೆ ಮಾತ್ರ.

ಇನ್ನ ಹೋಲಿಕೆ ನೀವೇ ಮಾಡಿ ನೋಡ್ತೀನಿ ಅಂದ್ರೆ ಒಂದೇ ದಿನ, ಒಂದೇ ವಯಸ್ಸಿನ ಎರಡು ತಳಿ ಮರಿ ತನ್ನಿ, ಗಂಡು ಅಂದ್ರೆ ಎಲ್ಲಾ ಗಂಡು. ಜಂತಿನ ಔಷಧಿ, ಲಸಿಕೆ ಆಗಿ ಎರಡು ವಾರ ಹೊಂದ್ಕೊಂಡ ಮೇಲೆ ಮೊದಲ ತೂಕ. ತೂಗೋದು ಯಾವಾಗ್ಲೂ ಬೆಳಿಗ್ಗೆ, ಮೇವು ಹಾಕೋ ಮುಂಚೆ. ಕುರಿ ಹೊಟ್ಟೇಲಿ ಮೇವು ನೀರೇ ಕೆಜಿಗಟ್ಟಲೆ ಇರುತ್ತೆ, ಸಂಜೆ ತೂಗಿ ಬೆಳಿಗ್ಗೆ ತೂಕಕ್ಕೆ ಹೋಲಿಸಿದ್ರೆ ಯಾವ ತಳಿ ಬೇಕಾದ್ರೂ 300 ಗ್ರಾಂ ಕೊಡುತ್ತೆ 🙂 ನಮ್ಮ ತಳಿಗಳಲ್ಲಿ ಶೆಡ್ಡಲ್ಲಿ ಒಳ್ಳೆ ಕೈತಿಂಡಿ ಇದ್ರೆ ದಿನಕ್ಕೆ 100ರಿಂದ 150 ಗ್ರಾಂ ಬಂದ್ರೆ ಚೆನ್ನಾಗಿದೆ ಅಂತಾನೇ ಅರ್ಥ.


ಕೆಂಗುರಿ_ಕೊಪ್ಪಳ:

ಸಂಜಿಮುಂದ ತೂಗಿಸಿ ಮಾರೋದು ನಮ್ಮ ಕಡೆ ಹಳೇ ವಿದ್ಯೆರಿ ಸರ್, ಉಪ್ಪು ನೆಕ್ಕಿಸಿ ನೀರು ಕುಡಸ್ತಾರ ಸಂತಿಗೆ ತರೂ ಮುಂದ. ಮದ್ದೂರು ಅಣ್ಣಾರ, ಅಮೀನಗಡ ಸಂತಿಗೆ ಬರೂದಿದ್ರ ಹಿಂದಿನ ರಾತ್ರಿನ ಬಂದು ವಸ್ತಿ ಮಾಡ್ರಿ, ಚಲೋ ಮರಿ ನಸುಕಿನ್ಯಾಗ ಹೋಗಿಬಿಡ್ತಾವ. ಹೊಟ್ಟಿ ಡೊಳ್ಳು ಇದ್ದದ್ದು ಬ್ಯಾಡ. ಬೆನ್ನ ಮ್ಯಾಲ ಕೈ ಇಟ್ಟು ಎಲುಬು ಸಿಗ್ತದೇನು ನೋಡ್ರಿ, ಕಣ್ಣಿನ ಕೆಳಗಿನ ರೆಪ್ಪಿ ಜಗ್ಗಿ ಕೆಂಪಗ ಐತೋ ಬೆಳ್ಳಗ ಐತೋ ನೋಡ್ರಿ, ಬೆಳ್ಳಗ ಇದ್ರ ಜಂತು ರಕ್ತ ಕುಡದಾವ ಅಂತ ತಿಳೀರಿ. ಮೂಗಿನ್ಯಾಗ ಸಿಂಬಳ ಇದ್ದದ್ದು ಪುಕ್ಕಟೆ ಕೊಟ್ರೂ ಬ್ಯಾಡ, ಹಿರೇಬ್ಯಾನಿ ಅನ್ನೋ ಅಂಟುರೋಗ ಇರಬಹುದು.


ಮದ್ದೂರು_ಹೈದ:

ಸರಿ ಅಣ್ಣ. ಮೊದಲ ಬ್ಯಾಚಿಗೆ ಅರ್ಧ ಕೆಂಗುರಿ, ಅರ್ಧ ಮಳವಳ್ಳಿ ಕಡೆ ಬನ್ನೂರು ಗಂಡು ಮರಿ ತಂದು ಒಂದೇ ಶೆಡ್ಡಲ್ಲಿ ಬೇರೆ ಬೇರೆ ಅಂಕಣ ಮಾಡಿ ಬೆಳೆಸ್ತೀನಿ. ಬನ್ನೂರನ್ನ 22ಕ್ಕೆ, ಕೆಂಗುರಿನ 30ಕ್ಕೆ ನಿಲ್ಲಿಸೋದು. ಹಿಂಡಿ ಖರ್ಚು ಅಂಕಣದ ಪ್ರಕಾರ ಬರ್ದಿಡ್ತೀನಿ. ಶಿರಾ ಅಕ್ಕ, ಹೆಣ್ಣುಕುರಿ ತರೋ ಹೊತ್ತಿಗೆ ನಾರಿ ಸುವರ್ಣ ಬಗ್ಗೆ ಮತ್ತೆ ಕೇಳ್ತೀನಿ, ಆ ಟೆಸ್ಟು ಎಲ್ಲಿ ಮಾಡಿಸ್ತಾರೆ?


ಶಿರಾ_ಕುರಿಮನೆ:

ಫಲ್ಟಣ್‌ನವರಿಂದಾನೇ ಟಗರು ತಂದ್ರೆ ಅವರೇ ಟೆಸ್ಟ್ ಮಾಡಿದ್ದು ಕೊಡ್ತಾರೆ. ಬೇರೆ ರೈತರ ಹತ್ರ ತಗೊಳೋದಾದ್ರೆ ಅವರ ಹಳೇ ರಿಪೋರ್ಟ್ ತೋರ್ಸಕ್ಕೆ ಹೇಳಿ, ಕಿವಿ ಓಲೆ ನಂಬರಿಗೂ ರಿಪೋರ್ಟಲ್ಲಿರೋ ನಂಬರಿಗೂ ತಾಳೆ ಆಗುತ್ತಾ ನೋಡಿ. ಮತ್ತೆ ರಿಪೋರ್ಟಲ್ಲಿ ಆ ಜೀನಿನ ಒಂದು ಪ್ರತಿ ಇದೆಯಾ ಎರಡು ಪ್ರತಿ ಇದೆಯಾ ಅಂತಾನೂ ಬರ್ದಿರ್ತಾರೆ. ಎರಡು ಪ್ರತಿ ಇರೋ ಟಗರು ನಿಮ್ಮ ಲೋಕಲ್ ಹೆಣ್ಣಿಗೆ ಹಾಕಿದ್ರೆ ಹುಟ್ಟೋ ಮರಿಗಳಿಗೆಲ್ಲ ಒಂದೊಂದು ಪ್ರತಿ ಬರುತ್ತೆ, ಒಂದು ಪ್ರತಿ ಇರೋ ಟಗರಾದ್ರೆ ಅರ್ಧಕ್ಕೆ ಮಾತ್ರ. ಆದ್ರೆ ಆ ಮರಿ ದೊಡ್ಡದಾಗಿ ತಾನು ಈದಾಗ್ಲೇ ಅವಳಿ ಕಾಣೋದು, ಟಗರು ತಂದ ವರ್ಷಾನೇ ಅವಳಿ ಬರ್ಲಿಲ್ಲ ಅಂತ ಅವರ ಜೊತೆ ಜಗಳಕ್ಕೆ ಹೋಗಬೇಡಿ.